ಶಾಸ್ತ್ರದಾನದ ಓಲೆ, ಪರವಾನಗಿಯ ಪುಸ್ತಕ

10ನೆಯ ಶತಮಾನದಲ್ಲಿ ಜೈನ ಶ್ರಾವಕಿ ಅತ್ತಿಮಬ್ಬೆ ಕವಿ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದೊಂದು ಓಲೆಗರಿಯನ್ನೂ ಕಂಟದಿಂದ ಕೊರೆದು, ಮಸಿ ತುಂಬಿ, ದಾರ ಪೋಣಿಸಿ ಕಟ್ಟಬೇಕಿದ್ದ ಕಾಲವದು. ಜೈನರ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ದಾನಚಿಂತಾಮಣಿ ಎಂಬ ಬಿರುದು ಅವಳಿಗೆ ಸುಮ್ಮನೆ ಸಲ್ಲಲಿಲ್ಲ.

ವ್ರತ ಮುಗಿಸಿದ ಗೃಹಿಣಿಯರೂ ಗ್ರಂಥ ಬರೆಯಿಸಿ ಗುರುಗಳಿಗೆ ಒಪ್ಪಿಸುತ್ತಿದ್ದರು. ಮೂಡುಬಿದಿರೆಯಲ್ಲಿರುವ, ಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳು ನಮ್ಮವರೆಗೆ ಉಳಿದು ಬಂದದ್ದು ಇಂಥ ಭಕ್ತಿಯಿಂದ. ಬಹುಕಾಲ ದರ್ಶನಕ್ಕಷ್ಟೇ ಸಿಗುತ್ತಿದ್ದ ಆ ಗ್ರಂಥಗಳು 1939ರಿಂದ ಅಚ್ಚಾಗತೊಡಗಿದವು.

ಅಚ್ಚಿನ ಕಾಲದಲ್ಲೂ ಕೊಂಡ ಪುಸ್ತಕವನ್ನು ಕೊಡಲು, ಮಾರಲು, ಮಕ್ಕಳಿಗೆ ಬಿಟ್ಟುಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಡಿಜಿಟಲ್ ಗ್ರಂಥಾಲಯದಲ್ಲಿ ಹಾಗಲ್ಲ. ಬೈಬಲ್ ವ್ಯಾಖ್ಯಾನವಾಗಲಿ, ಗೀತಾಭಾಷ್ಯವಾಗಲಿ, ಹಣ ಕೊಟ್ಟವರಿಗೆ ಬಹುಮಟ್ಟಿಗೆ ಸಿಗುವುದು ಓದುವ ಪರವಾನಗಿ ಮಾತ್ರ. ಕೊಂಡ ಹಾಡಿನ ಫೈಲುಗಳ ಮರುಮಾರಾಟವನ್ನು 2018ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಫೈಲು ಸಾಗಿಸಿದಾಗ ಹೊಸ ಪ್ರತಿಯೇ ಹುಟ್ಟುತ್ತದೆ ಎಂಬುದು ಅದರ ತರ್ಕ. ಮರುವರ್ಷ ಐರೋಪ್ಯ ಒಕ್ಕೂಟದ ನ್ಯಾಯಾಲಯ, ಇ-ಪುಸ್ತಕ ಮರುಮಾರಾಟಕ್ಕೆ ಹಕ್ಕುದಾರರ ಒಪ್ಪಿಗೆ ಬೇಕೆಂದಿತು. ಕೃತಿಸ್ವಾಮ್ಯದ ಹಂಗಿಲ್ಲದ ಪ್ರಾಚೀನ ಮೂಲಗಳು ಈಗಲೂ ಕೈಯಿಂದ ಕೈಗೆ ಹೋಗಬಲ್ಲವು. ಹೊಸ ಅನುವಾದ, ಟಿಪ್ಪಣಿಗಳಿಗೆ, ಅಂದರೆ ಇಂದಿನ ಓದುಗನಿಗೆ ನಿಜವಾಗಿ ಬೇಕಾದವಕ್ಕೆ, ಆ ಬಿಡುಗಡೆ ಇಲ್ಲ.