ಸಮುದ್ರ ಕಂಡ ಸವಣೂರಿನ ಕವಿ

1994ರಲ್ಲಿ ಬ್ಯಾಂಕಿನ ಕೆಲಸಕ್ಕೆಂದು ಮುಂಬಯಿಗೆ ಬಂದಾಗ ಮರೀನ್ ಡ್ರೈವ್‌ನಲ್ಲಿ ಮೊದಲ ಸಲ ಸಮುದ್ರ ನೋಡಿದೆ. ನಾನು ಹಾವೇರಿ ಕಡೆಯವನು, ಕೆರೆ ಬಿಟ್ಟರೆ ಬೇರೆ ದೊಡ್ಡ ನೀರು ಕಂಡವನಲ್ಲ. ಅವ್ವನಿಗೆ ಕಾಗದ ಬರೆದೆ: "ನಮ್ಮೂರ ಕೆರಿ ಸಾವಿರ ಕೂಡಿಸಿಧಂಗ ಐತಿ." ಮುಂದೆ ಏನೂ ತೋಚಲಿಲ್ಲ.

ವಿ.ಕೃ. ಗೋಕಾಕರೂ ನಮ್ಮ ಕಡೆಯವರೇ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದವರು. ಧಾರವಾಡದಲ್ಲಿ ಓದಿ, 1936ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು, ಆಕ್ಸ್‌ಫರ್ಡಿನಲ್ಲಿ ಕಲಿಯಲು. ದಿನಗಟ್ಟಲೆ ಸುತ್ತಲೂ ನೀರೇ ನೀರು! ಆ ಪ್ರವಾಸದಿಂದ ಕನ್ನಡಕ್ಕೆ ಗದ್ಯದಲ್ಲಿ 'ಸಮುದ್ರದಾಚೆಯಿಂದ' ಬಂತು. ಪದ್ಯದಲ್ಲಿ 1940ರ 'ಸಮುದ್ರ ಗೀತೆಗಳು'. ಅಲೆಗಳು ಹಳೆಯ ಛಂದಸ್ಸಿನ ಅಳತೆಗೆ ಸಿಗಲಿಲ್ಲವೇನೋ, ಕೆಲವು ಕವನಗಳಿಗೆ ಮುಕ್ತಛಂದವನ್ನೇ ಹಿಡಿದರು. ನವ್ಯಕಾವ್ಯದ ಮಾತು ಬಂದಾಗ ವಿಮರ್ಶಕರು ಇಂದಿಗೂ ಈ ಪುಸ್ತಕವನ್ನು ನೆನೆಯುತ್ತಾರೆ. ಒಂದು ಪ್ರಯಾಣ ಕವಿಯನ್ನಷ್ಟೇ ಅಲ್ಲ, ಕನ್ನಡ ಪದ್ಯದ ನಡಿಗೆಯನ್ನೂ ಬದಲಿಸಬಲ್ಲದು ನೋಡಿ.

ಬಿಕಾಂ ಓದಿದ ನನಗೆ ಇದೆಲ್ಲ ತಿಳಿದದ್ದು ಬಹಳ ತಡವಾಗಿ. ಅಷ್ಟರಲ್ಲಿ ಅವ್ವ ಸಮುದ್ರ ನೋಡದೆಯೇ ಹೋಗಿಬಿಟ್ಟಳು. ಆ ಪುಸ್ತಕ ಆಗಲೇ ಕೈಗೆ ಸಿಕ್ಕಿದ್ದರೆ ರಜೆಗೆ ಹೋದಾಗ ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಿದ್ದೆ. ಅವಳ ಟ್ರಂಕಿನಲ್ಲಿ ನನ್ನ ಕಾಗದವಿತ್ತು. ಸಮುದ್ರದ ಬಗ್ಗೆ ಒಂದೇ ಸಾಲು.