ಮರಾಮತ್ತು ಮತ್ತು ಅಮಾನತು

ಕೆಟ್ಟದ್ದನ್ನು ಸರಿಪಡಿಸುವ ಕೆಲಸಕ್ಕೆ ಇಂದು ನಾವೆಲ್ಲ 'ರಿಪೇರಿ' ಎನ್ನುತ್ತೇವೆ. ಈ ಇಂಗ್ಲಿಷ್ ಪದ ನಮ್ಮ ನಾಲಗೆಗೆ ಹತ್ತುವ ಮೊದಲು ಕನ್ನಡದಲ್ಲಿ ಬೇರೆ ಎರಡು ಪದಗಳು ಚಲಾವಣೆಯಲ್ಲಿದ್ದವು. ಒಂದು ಫಾರಸಿಯಿಂದ ಬಂದ 'ದುರಸ್ತಿ', ಇನ್ನೊಂದು ಅರಬಿ ಮೂಲದ 'ಮರಾಮತ್ತು'. ಹಳೆಯ ಮೈಸೂರು ಸೀಮೆಯಲ್ಲಿ ಕೆರೆ, ಕಟ್ಟೆ, ರಸ್ತೆಗಳನ್ನು ನೋಡಿಕೊಳ್ಳುವ ಸರಕಾರಿ ಇಲಾಖೆಗೇ ಜನ ಮರಾಮತ್ತು ಇಲಾಖೆ ಎನ್ನುತ್ತಿದ್ದರು. ರಿಪೇರಿ ಅಂಗಡಿಯ ವ್ಯವಹಾರಕ್ಕೆ ಬೇಕಾದ ಉಳಿದ ಮಾತುಗಳೂ ಇದೇ ದಾರಿಯಲ್ಲಿ ಬಂದಿವೆ: ರಸೀದಿ, ಖಾತರಿ, ಜಾಮೀನು, ಅಸಲಿ, ನಕಲಿ. ಇವುಗಳಲ್ಲಿ ಒಂದು ಪದ ಮಾತ್ರ ವಿಚಿತ್ರವಾಗಿ ದಾರಿ ತಪ್ಪಿತು. ಉರ್ದುವಿನಲ್ಲಿ 'ಅಮಾನತ್' ಎಂದರೆ ಒಬ್ಬರು ನಂಬಿ ಇನ್ನೊಬ್ಬರ ವಶಕ್ಕೆ ಒಪ್ಪಿಸಿದ ವಸ್ತು. ಕೇಳಿದಾಗ ಇದ್ದ ಹಾಗೆಯೇ ಹಿಂದಿರುಗಿಸಬೇಕಾದದ್ದು. ಕನ್ನಡ ದಿನಪತ್ರಿಕೆಯಲ್ಲಿ 'ಅಮಾನತು' ಎಂದರೆ ಲಂಚ ತೆಗೆದುಕೊಂಡು ಸಿಕ್ಕಿಬಿದ್ದ ಅಧಿಕಾರಿಯ ಮೇಲೆ ಜರುಗಿಸುವ ಕ್ರಮ. ನಂಬಿಕೆಯ ಪದ ನಂಬಿಕೆ ಕಳೆದುಕೊಂಡವನ ಹಣೆಪಟ್ಟಿಯಾದ ಬಗೆಯನ್ನು ಭಾಷಾಶಾಸ್ತ್ರದ ವಿದ್ವಾಂಸರಿಗೆ ಬಿಡೋಣ.

ಗಾಜು ಒಡೆದ, ಚಾರ್ಜ್ ಏರದ, ಇದ್ದಕ್ಕಿದ್ದಂತೆ ಸತ್ತುಹೋದ ಮೊಬೈಲನ್ನು ಯಾರ ಕೈಗೆ ಕೊಡುವುದು ಎಂದು ಇವತ್ತು ಮನೆಮನೆಯಲ್ಲಿ ಕೇಳುವ ಪ್ರಶ್ನೆ ಈ ಹಳೆಯ ಅರ್ಥದ ಅಮಾನತಿನದೇ. ಪ್ರಶ್ನೆಗೆ ಬಹಳ ವಯಸ್ಸಾಗಿದೆ. ಎಂಟನೆಯ ಶತಮಾನದ ಕೂಫಾ, ಬಗ್ದಾದ್‌ಗಳ ಪೇಟೆಯಲ್ಲಿ ಬಣ್ಣ ಹಾಕಲು ಕೊಟ್ಟ ಬಟ್ಟೆ ಹರಿದರೆ, ಒಗೆಯಲು ಕೊಟ್ಟದ್ದು ಕಳೆದರೆ ನಷ್ಟ ಯಾರದು ಎಂಬ ಬಗ್ಗೆ ದೊಡ್ಡ ಚರ್ಚೆಯೇ ನಡೆದಿತ್ತು. ಕಸುಬುದಾರನ ಕೈಯಲ್ಲಿರುವುದು ಅಮಾನತ್, ಅವನ ಕೆಲಸದಿಂದ ಅದು ಕೆಟ್ಟರೆ ಅವನು ತೆರಬೇಕು, ಅವನ ತಪ್ಪಿಲ್ಲದೆ ಕಳೆದುಹೋದರೆ ತೆರಬೇಕಿಲ್ಲ ಎಂದರು ಇಮಾಮ್ ಅಬೂ ಹನೀಫಾ (ಮರಣ 767). ಈ ಮಾತನ್ನು ಅವರ ಶಿಷ್ಯರೇ ಒಪ್ಪಲಿಲ್ಲ. ಬೆಂಕಿ, ದರೋಡೆಯಂಥ ತಡೆಯಲಾಗದ ಅವಘಡ ಬಿಟ್ಟರೆ ಉಳಿದೆಲ್ಲಕ್ಕೂ ಕಸುಬುದಾರನೇ ಹೊಣೆ ಎಂದರು ಅಬೂ ಯೂಸುಫ್ (ಮರಣ 798). ಅಬೂ ಯೂಸುಫ್ ಬಗ್ದಾದಿನ ಮುಖ್ಯ ಕಾಜಿಯಾಗಿದ್ದವರು. ಪೇಟೆಯ ಜನರ ದೂರುಗಳನ್ನು ಪೀಠದಲ್ಲಿ ಕೂತು ಕೇಳಿದವರಿಗೆ, 'ಕಳೆದುಹೋಯಿತು ಸಾಹೇಬರೆ' ಎಂಬ ನೆಪ ಎಷ್ಟು ಸಲೀಸು ಎಂಬುದು ಗುರುಗಳಿಗಿಂತ ಚೆನ್ನಾಗಿ ಗೊತ್ತಾಗಿರಬೇಕು ಎಂದು ನಮಗೆ ಅನ್ನಿಸುತ್ತದೆ.

ಬ್ರಿಟಿಷರು ತಂದ 1872ರ ಭಾರತೀಯ ಕರಾರು ಕಾಯಿದೆಯೂ ಇದೇ ಗಂಟನ್ನು ಬಿಡಿಸಲು ನೋಡಿತು. ಅದರ 151ನೇ ಕಲಮಿನ ಪ್ರಕಾರ, ಬೇರೆಯವರ ವಸ್ತುವನ್ನು ವಶಕ್ಕೆ ಪಡೆದವನು ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ವಸ್ತುವನ್ನು ಕಾಯುವಷ್ಟು ಜೋಪಾನದಿಂದ ಅದನ್ನು ಕಾಯಬೇಕು. 170ನೇ ಕಲಮು ಕಸುಬುದಾರನ ಪರವಾಗಿದೆ: ಕೂಲಿ ಕೊಡುವವರೆಗೆ ವಸ್ತುವನ್ನು ತಡೆಹಿಡಿಯುವ ಹಕ್ಕು ಅವನಿಗುಂಟು. ಉದಾಹರಣೆಗೆ ಕಾಯಿದೆ ಎತ್ತಿಕೊಂಡದ್ದು ವಜ್ರಕ್ಕೆ ಸಾಣೆ ಹಿಡಿಯುವವನನ್ನು ಮತ್ತು ಕೋಟು ಹೊಲಿಯುವ ದರ್ಜಿಯನ್ನು. ಈ ಕಲಮುಗಳು ಇಂದಿಗೂ ಜೀವಂತವಾಗಿವೆ. ಸಂತೆಪೇಟೆಯ ಮೊಬೈಲ್ ಅಂಗಡಿಯವನಿಗೂ ಅವು ಅನ್ವಯಿಸುತ್ತವೆ, ಅವನಿಗೂ ಗಿರಾಕಿಗೂ ಆ ವಿಷಯ ಗೊತ್ತಿರುವುದಿಲ್ಲ ಅಷ್ಟೆ.

ಕಾನೂನು ಏನೇ ಹೇಳಲಿ, ನಮ್ಮ ಊರುಗಳಲ್ಲಿ ನಂಬಿಕೆ ಬೆಳೆದದ್ದು ಕಣ್ಣಿನ ಮೂಲಕ. ಕಲಾಯಿಯವನು ಬೀದಿಯಲ್ಲೇ ಗುಂಡಿ ತೋಡಿ, ತಿದಿ ಊದಿ, ಹಿತ್ತಾಳೆ ಪಾತ್ರೆಗೆ ತವರ ಬಳಿಯುತ್ತಿದ್ದ. ಮನೆಯ ಹೆಂಗಸರು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ತವರ ಎಷ್ಟು ಹಾಕಿದ, ಎಷ್ಟು ಉಳಿಸಿಕೊಂಡ ಎಂಬ ಲೆಕ್ಕ ಅಲ್ಲೇ ಮುಗಿಯುತ್ತಿತ್ತು. ಗಡಿಯಾರ ಬಂದಾಗ ಈ ಸೌಕರ್ಯ ತಪ್ಪಿತು. ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆದದ್ದು 1961ರಲ್ಲಿ. ಮೇಷ್ಟರು, ಗುಮಾಸ್ತರು, ಮದುಮಕ್ಕಳು ಎಲ್ಲರ ಕೈಗೂ ವಾಚು ಬಂತು. ಬಸ್ ನಿಲ್ದಾಣದ ಪಕ್ಕದಲ್ಲಿ, ಮಸೀದಿಯ ಕೆಳಗಿನ ಮಳಿಗೆಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಸಾಬರು ಕಾಣಿಸಿಕೊಂಡರು. ಅವರು ನಮ್ಮೆದುರೇ ವಾಚು ಬಿಚ್ಚುತ್ತಿದ್ದರು, ಆದರೆ ಅಲ್ಲಿ ಏನಿದೆ ಎಂದು ನಮ್ಮ ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ಒಳಗಿನ ಕಲ್ಲು ಬದಲಾಯಿಸುತ್ತಾರೆ ಎಂಬ ಗುಮಾನಿ ಎಲ್ಲ ಊರಲ್ಲೂ ಇತ್ತು. ವಾಚಿನ ಕಲ್ಲುಗಳು ಕೃತಕ ಮಾಣಿಕ್ಯ, ಕದ್ದು ಮಾರಿದರೆ ಒಂದು ಚಹಾದ ಕಾಸೂ ಹುಟ್ಟದು ಎಂದು ಯಾರಿಗೂ ಗೊತ್ತಿರಲಿಲ್ಲ.

ಈ ಗುಮಾನಿಗೆ ಕಸುಬಿನವರ ಬಳಿ ಸದ್ದಿಲ್ಲದ ಒಂದು ಉತ್ತರವಿತ್ತು. ಹಳೆಯ ವಾಚಿನ ಹಿಂಬದಿ ಮುಚ್ಚಳ ತೆಗೆದು ಒಳಮೈಯನ್ನು ಬೆಳಕಿಗೆ ಹಿಡಿದರೆ ಸೂಜಿಯಿಂದ ಗೀರಿದ ಸಣ್ಣ ಗುರುತುಗಳು ಕಾಣುತ್ತವೆ: ಒಂದು ತಾರೀಖು, ಒಂದೆರಡು ಅಕ್ಷರ. ರಿಪೇರಿ ಮಾಡಿದವನು ತನ್ನ ಕೆಲಸಕ್ಕೆ ಹಾಕಿದ ರುಜು ಅದು. ಗಿರಾಕಿಗೆ ಅದು ಕಾಣುವುದಿಲ್ಲ, ಮುಂದೆ ಬಿಚ್ಚುವ ಇನ್ನೊಬ್ಬ ಕಸುಬುದಾರನಿಗೆ ಮಾತ್ರ ಕಾಣುತ್ತದೆ. ಇದಕ್ಕಿಂತ ಗಟ್ಟಿಯಾದ ಖಾತರಿ ನಮಗೆ ಬೇರೆ ತಿಳಿದಿಲ್ಲ.

ರೇಡಿಯೊ ಕಾಲದಲ್ಲಿ ಕಂಪನಿಗಳೂ ರಿಪೇರಿಯವನ ಮಿತ್ರರಾಗಿದ್ದವು ಎಂದರೆ ಇಂದಿನ ಹುಡುಗರು ನಂಬಲಾರರು. ಎಷ್ಟೋ ವಾಲ್ವ್ ರೇಡಿಯೊಗಳ ಹಿಂಬದಿ ಹಲಗೆಯ ಒಳಗೆ ಅದರ ಸರ್ಕಿಟ್ ನಕಾಶೆಯನ್ನೇ ಅಂಟಿಸಿರುತ್ತಿದ್ದರು. ಯಾವ ತಂತಿ ಎಲ್ಲಿಗೆ, ಯಾವ ವಾಲ್ವ್ ಯಾವ ನಂಬರಿನದು ಎಲ್ಲವೂ ಅಲ್ಲಿತ್ತು. ಕೆಡುವುದು ವಸ್ತುವಿನ ಗುಣ, ಸರಿಪಡಿಸಲು ಯಾರೋ ಒಬ್ಬ ಇರುತ್ತಾನೆ ಎಂದು ತಯಾರಕನೇ ಒಪ್ಪಿಕೊಂಡಿದ್ದ ಕಾಲ. ಆ ನಕಾಶೆ ಓದಲು ಕಲಿತ ಉಸ್ತಾದ್, ಅವರ ಕೈಕೆಳಗೆ ಚಹಾ ತರುತ್ತ, ಬೆಸುಗೆ ಕಡ್ಡಿ ಕಾಯಿಸುತ್ತ ಕಸುಬು ಕಲಿತ ಶಾಗಿರ್ದ್‌ಗಳು: ಮುಂದೆ ಟೇಪ್‌ರೆಕಾರ್ಡರ್, ಟೀವಿ, ಕೊನೆಗೆ ಮೊಬೈಲಿಗೆ ದಾಟಿದ ಪೀಳಿಗೆ ಇದು. ಶಾಲೆ ಅರ್ಧಕ್ಕೆ ಬಿಟ್ಟ ಹುಡುಗನಿಗೆ ಮರ್ಯಾದೆಯ ಅನ್ನ ಕೊಟ್ಟ ಕಸುಬುಗಳಲ್ಲಿ ನಮ್ಮ ಮೊಹಲ್ಲಾಗಳ ಮಟ್ಟಿಗೆ ಇದಕ್ಕೆ ದೊಡ್ಡ ಸ್ಥಾನವಿದೆ.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಂ ಅವರಿಗೆ ಕರೆ ಮಾಡುವುದರೊಂದಿಗೆ ದೇಶದಲ್ಲಿ ಮೊಬೈಲ್ ಯುಗ ಶುರುವಾಯಿತು. ಮೊದಲ ಕೆಲವು ವರ್ಷ ಅದು ಶ್ರೀಮಂತರ ಸೊತ್ತು. ಬಡವರ ಕೈಗೆ ಬಂದದ್ದು 2003ರಲ್ಲಿ ಹೊರಬಂದ ನೋಕಿಯಾ 1100ರಂಥ ಸೆಟ್ಟುಗಳ ಮೂಲಕ. ತಲೆಯ ಮೇಲೊಂದು ಟಾರ್ಚು, ಧೂಳು ಹೋಗದ ಕೀಲಿಮಣೆ. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಈ ಫೋನಿನ ಬ್ಯಾಟರಿಯನ್ನು ಅಜ್ಜಿಯೂ ಉಗುರಿನಿಂದ ತೆಗೆಯಬಹುದಿತ್ತು. ಬೆಂಗಳೂರಿನ ಎಸ್‌.ಪಿ. ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ಗಫಾರ್ ಮಾರ್ಕೆಟ್ಟುಗಳು ಬಿಡಿಭಾಗಗಳ ಹೊಳೆಯಾದವು. ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡು ಬಂದವರಿಗಾಗಿ ಎದ್ದ ಆ ದೆಹಲಿ ಪೇಟೆಗೆ ಗಡಿನಾಡ ಗಾಂಧಿ ಖಾನ್ ಅಬ್ದುಲ್ ಗಫಾರ್ ಖಾನರ ಹೆಸರಿದೆ. ಮುರಿದದ್ದನ್ನು ಜೋಡಿಸುವ ವ್ಯಾಪಾರಕ್ಕೆ ಇದಕ್ಕಿಂತ ತಕ್ಕ ಹೆಸರು ಬೇರೆ ಸಿಗದು.

ನಂಬಿಕೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಅಂಗಡಿಯವನಿಂದಲ್ಲ. 2007ರ ಆಗಸ್ಟಿನಲ್ಲಿ ನೋಕಿಯಾ, ಮತ್ಸುಶಿತ ಕಂಪನಿ ತಯಾರಿಸಿಕೊಟ್ಟ ಬಿಎಲ್-5ಸಿ ಮಾದರಿಯ 4.6 ಕೋಟಿ ಬ್ಯಾಟರಿಗಳು ಅತಿಯಾಗಿ ಕಾಯಬಹುದು ಎಂದು ಎಚ್ಚರಿಸಿ, ಬದಲಾಯಿಸಿಕೊಡುವುದಾಗಿ ಪ್ರಕಟಿಸಿತು. ಜನ ಗಾಬರಿಯಿಂದ ಸೇವಾ ಕೇಂದ್ರಗಳ ಮುಂದೆ ಸಾಲು ನಿಂತರು. ಅಲ್ಲಿಯವರೆಗೆ ನಕಲಿ ಮಾತ್ರ ಅಪಾಯ ಎಂದು ತಿಳಿದವರಿಗೆ ಅಸಲಿಯಲ್ಲೂ ದೋಷವಿರಬಹುದು ಎಂದು ಗೊತ್ತಾಯಿತು. ಎರಡು ವರ್ಷದ ನಂತರ, 2009ರ ನವೆಂಬರ್ ಕೊನೆಗೆ, ಐಎಂಇಐ ಸಂಖ್ಯೆ ಇಲ್ಲದ ಫೋನುಗಳನ್ನು ಸರಕಾರದ ಆದೇಶದಂತೆ ಬಂದ್ ಮಾಡಲಾಯಿತು. ಅಗ್ಗವೆಂದು ಚೀನಾ ಸೆಟ್ಟು ಕೊಂಡಿದ್ದವರು ರಾತ್ರಿ ಬೆಳಗಾಗುವುದರೊಳಗೆ ಆಟಿಕೆಯ ಒಡೆಯರಾದರು. ಗಾಜು ಒಡೆದರೆ ಕಾಯಿದೆಯ ಪ್ರಶ್ನೆ ಏಳುವುದಿಲ್ಲ. ಆದರೆ ಐಎಂಇಐ ತಿದ್ದುವುದು ಅಪರಾಧ. 'ನಂಬರ್ ಹಾಕಿಕೊಡ್ತೀನಿ' ಎನ್ನುವ ಅಂಗಡಿಯಿಂದ ದೂರವಿರುವುದೇ ಕ್ಷೇಮ.

ಇನ್ನೊಂದು ಬದಲಾವಣೆ ಮೆಲ್ಲನೆ ನಡೆಯಿತು. 2007ರ ಜೂನ್ ಕೊನೆಗೆ ಬಂದ ಐಫೋನಿನ ಬ್ಯಾಟರಿಯನ್ನು ಬಳಕೆದಾರ ತೆಗೆಯುವಂತಿರಲಿಲ್ಲ. ನಂತರದ ಮಾದರಿಗಳಿಗೆ ಪೇಟೆಯ ಯಾವ ಸ್ಕ್ರೂಡ್ರೈವರಿಗೂ ಬಗ್ಗದ, ಐದು ದಳದ ಹೂವಿನಂಥ ತಲೆಯ ಸ್ಕ್ರೂ ಬಂತು. ವರ್ಷಗಳು ಕಳೆದಂತೆ ಉಳಿದ ಕಂಪನಿಗಳೂ ಫೋನನ್ನು ಅಂಟಿನಿಂದ ಮುಚ್ಚಿದವು. 2016ರಲ್ಲಿ, ಹೊರಗಿನವರ ಬಳಿ ಬೆರಳಚ್ಚಿನ ಗುಂಡಿ ಬದಲಾಯಿಸಿಕೊಂಡ ಐಫೋನುಗಳು ಹೊಸ ಸಾಫ್ಟ್‌ವೇರ್ ಹಾಕುತ್ತಿದ್ದಂತೆ 'ದೋಷ 53' ಎಂದು ತೋರಿಸಿ ಸತ್ತುಹೋದವು. ಗದ್ದಲವಾದ ಮೇಲೆ ಆಪಲ್ ಕಂಪನಿ ಪರಿಹಾರ ಕೊಟ್ಟಿತು. ಆದರೂ ಹೊರಗೆ ರಿಪೇರಿ ಮಾಡಿಸಿಕೊಂಡವರಿಗೆ ಸೇವೆಯ ಹಕ್ಕಿಲ್ಲವೆಂದು ಹೇಳಿದ್ದಕ್ಕೆ 2018ರಲ್ಲಿ ಆಸ್ಟ್ರೇಲಿಯದ ನ್ಯಾಯಾಲಯ ಅದಕ್ಕೆ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ರೇಡಿಯೊದೊಳಗೆ ನಕಾಶೆ ಅಂಟಿಸುತ್ತಿದ್ದ ಕಾಲ ಎಲ್ಲಿ, ಪರಕೈ ಸೋಕಿದರೆ ಫೋನನ್ನೇ ಕೊಲ್ಲುವ ಈ ಕಾಲ ಎಲ್ಲಿ!

ಇದಕ್ಕೆ ಪ್ರತಿರೋಧವೂ ಹುಟ್ಟಿತು. ಲ್ಯಾಪ್‌ಟಾಪ್ ರಿಪೇರಿಗೆ ಕೈಪಿಡಿ ಸಿಗದೆ ಬೇಸತ್ತ ಕ್ಯಾಲಿಫೋರ್ನಿಯಾದ ಇಬ್ಬರು ವಿದ್ಯಾರ್ಥಿಗಳು 2003ರಲ್ಲಿ ಕಟ್ಟಿದ 'ಐಫಿಕ್ಸಿಟ್' ಸಂಸ್ಥೆ, ಬಿಚ್ಚುವ ವಿಧಾನಗಳನ್ನು ಎಲ್ಲರಿಗೂ ಬಿಟ್ಟಿಯಾಗಿ ಒದಗಿಸಿತು. ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ, ಬಿಡಿಭಾಗವನ್ನು ಸಾಫ್ಟ್‌ವೇರಿನಿಂದ ಫೋನಿಗೆ ಕಟ್ಟಿಹಾಕಿ ಹೊರಗಿನ ರಿಪೇರಿ ತಡೆಯುವುದನ್ನೇ ನಿಷೇಧಿಸಿತು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಅದರ ಮುಖ್ಯ ಬಿಡಿಭಾಗಗಳನ್ನು ಒದಗಿಸಬೇಕೆಂಬ ನಿಯಮ ಜಾರಿಗೆ ಬಂದಿದೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಅಂತರ್ಜಾಲ ತಾಣವೊಂದನ್ನು ತೆರೆಯಿತು. ಯಾವ ಫೋನು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂದು ಅಂಕ ಕೊಡುವ ಸೂಚ್ಯಂಕದ ಬಗ್ಗೆ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ಸಮಿತಿಯ ಹಕ್ಕು ಕಾಯಿದೆಯ ಹಕ್ಕಾಗಲು ನಮ್ಮಲ್ಲಿ ಎಷ್ಟು ಕಾಲ ಬೇಕಾಗುತ್ತದೆ ಎಂದು ಓದುಗರಿಗೆ ಹೇಳಬೇಕಿಲ್ಲ.

ಹಾಗಾದರೆ ಸದ್ಯಕ್ಕೆ ಯಾರನ್ನು ನಂಬುವುದು? ಕಂಪನಿಯ ಕೇಂದ್ರಕ್ಕೆ ಹೋದರೆ ಹಳೆಯ ಫೋನಿನ ಅರ್ಧ ಬೆಲೆ ಕೇಳುತ್ತಾರೆ. ಸಣ್ಣ ದೋಷಕ್ಕೂ 'ಬೋರ್ಡೇ ಬದಲಾಯಿಸಬೇಕು' ಎನ್ನುತ್ತಾರೆ. ಆ ಬೋರ್ಡಿನಲ್ಲಿ ಸತ್ತ ಒಂದೇ ಒಂದು ಐಸಿಯನ್ನು ಬಿಸಿಗಾಳಿಯ ಗನ್ನಿನಿಂದ ಎತ್ತಿ, ಹೊಸದನ್ನು ಕೂರಿಸುವ ಕೈಚಳಕ ಇರುವುದು ಸಂದಿಯ ಅಂಗಡಿಯವನಿಗೆ. ಆದರೆ ಅವನು ಹಾಕುವ ಡಿಸ್‌ಪ್ಲೇ ಕಾಂಬೊ ಅಸಲಿಯೋ, ಕಾಪಿಯೋ? ಪ್ರಾಮಾಣಿಕ ಅಂಗಡಿಯವನು ಎರಡರ ಬೆಲೆಯನ್ನೂ ಹೇಳಿ ಆಯ್ಕೆಯನ್ನು ನಮಗೆ ಬಿಡುತ್ತಾನೆ. ಎದುರಿಗೇ ಬಿಚ್ಚುತ್ತಾನೆ, ತೆಗೆದ ಹಳೆಯ ಭಾಗವನ್ನು ಕೈಗೆ ಕೊಡುತ್ತಾನೆ, ಐಎಂಇಐ ಬರೆದ ರಸೀದಿ ಕೊಡುತ್ತಾನೆ. ಕೆಲವರು ಸ್ಕ್ರೂವಿನ ಮೇಲೆ ತಾರೀಖಿನ ಸಣ್ಣ ಚೀಟಿ ಅಂಟಿಸುತ್ತಾರೆ; ವಾಚಿನವರ ರುಜುವಿಗೆ ಅದು ದೂರದ ನೆಂಟ. 'ಇದು ನನ್ನಿಂದ ಆಗಲ್ಲ ಅಣ್ಣ, ದುಡ್ಡು ದಂಡ' ಎಂದು ಹೇಳಿ ಕಳಿಸಿದವನ ಅಂಗಡಿಯನ್ನು ಮಾತ್ರ ಮರೆಯಬಾರದು.

ವಾಚು ಕೆಟ್ಟರೆ ಹೋಗುತ್ತಿದ್ದದ್ದು ಒಂದು ಕಲ್ಲು. ಫೋನಿನಲ್ಲಿ ಇರುವುದು ಮನೆಯೊಳಗಿನ ಮನೆ: ಮಕ್ಕಳ ಚಿತ್ರ, ಬ್ಯಾಂಕಿನ ಲೆಕ್ಕ, ತವರಿಗೆ ಕಳಿಸಿದ ದನಿಯ ಸಂದೇಶ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 16 ಕಡೆ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟರು. 6 ಕಡೆ ಗಿರಾಕಿಯ ಖಾಸಗಿ ಕಡತಗಳನ್ನು ಇಣುಕಿ ನೋಡಿದ್ದರು, ಎರಡು ಕಡೆ ನಕಲನ್ನೂ ತೆಗೆದುಕೊಂಡಿದ್ದರು. ದೊಡ್ಡ ಹೆಸರಿನ ಆಸರೆಯೂ ಪೂರ್ತಿ ಆಸರೆಯಲ್ಲ. ಒರೆಗಾನಿನ ವಿದ್ಯಾರ್ಥಿನಿಯೊಬ್ಬಳು 2016ರಲ್ಲಿ ಆಪಲ್ ಕಂಪನಿಗೇ ಕಳಿಸಿದ ಐಫೋನಿನಿಂದ, ಅದರ ಗುತ್ತಿಗೆಯ ರಿಪೇರಿ ಘಟಕದ ನೌಕರರು ಅವಳ ಖಾಸಗಿ ಚಿತ್ರಗಳನ್ನು ಅವಳದೇ ಫೇಸ್‌ಬುಕ್ ಖಾತೆಗೆ ಹಾಕಿಬಿಟ್ಟಿದ್ದರು. ಕಂಪನಿ ದೊಡ್ಡ ಮೊತ್ತದ ಪರಿಹಾರ ಕೊಟ್ಟ ವಿಷಯ ಹೊರಬಿದ್ದದ್ದು 2021ರಲ್ಲಿ.

ನಮ್ಮ ಹೆಣ್ಣುಮಕ್ಕಳು ಒಡೆದ ಗಾಜಿನ ಫೋನನ್ನು ಬೆರಳು ಕೊಯ್ಯುತ್ತಿದ್ದರೂ ತಿಂಗಳುಗಟ್ಟಲೆ ಬಳಸುವುದಕ್ಕೆ ದುಡ್ಡೊಂದೇ ಕಾರಣವಲ್ಲ. ಅಣ್ಣನ ಕೈಯಲ್ಲಿ ಕೊಟ್ಟರೆ ಅಣ್ಣ ನೋಡುತ್ತಾನೆ, ಅಂಗಡಿಗೆ ಕೊಟ್ಟರೆ ಅಂಗಡಿಯವನು ನೋಡುತ್ತಾನೆ. ರಸೀದಿಯ ಮೂಲೆಯಲ್ಲಿ ಲಾಕ್ ತೆಗೆಯುವ ಪ್ಯಾಟರ್ನನ್ನು ಬರೆಸಿಕೊಳ್ಳುವ ರೂಢಿ ಇನ್ನೂ ಇದೆ. ಗಾಜು ಬದಲಾಯಿಸಲು ಪ್ಯಾಟರ್ನ್ ಏಕೆ ಬೇಕು ಎಂದು ಕೇಳುವ ಧೈರ್ಯ ಎಷ್ಟು ಜನಕ್ಕಿದೆ? ಟಚ್ ಸರಿಯಾಗಿದೆಯೇ ಎಂದು ಪರೀಕ್ಷಿಸುವಾಗ ಗಿರಾಕಿಯೇ ಲಾಕ್ ತೆರೆದು ತೋರಿಸಿದರಾಯಿತು. 2022ರಲ್ಲಿ ಸ್ಯಾಮ್ಸಂಗ್, 2023ರಲ್ಲಿ ಗೂಗಲ್‌ನ ಪಿಕ್ಸೆಲ್, ರಿಪೇರಿಗೆ ಕೊಡುವಾಗ ಚಿತ್ರ, ಸಂದೇಶಗಳನ್ನೆಲ್ಲ ಮರೆಮಾಡುವ ವ್ಯವಸ್ಥೆಯನ್ನು ತಮ್ಮ ಫೋನುಗಳಲ್ಲಿ ತಂದವು. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಚಾಲೂ ಮಾಡಬೇಕು. ಆದರೆ ಪರದೆಯೇ ಕಪ್ಪಾಗಿದ್ದರೆ ಚಾಲೂ ಮಾಡುವುದೆಲ್ಲಿ? ಆಗ ಸಿಮ್ಮು, ಮೆಮೊರಿ ಕಾರ್ಡು ತೆಗೆದು ಪರ್ಸಿಗೆ ಹಾಕಿಕೊಂಡು, ಕೆಲಸ ಮುಗಿಯುವವರೆಗೆ ಅಂಗಡಿಯ ಮುಂದೆ ಕೂತಿರಬೇಕಾಗುತ್ತದೆ. ಒಳ್ಳೆಯ ಅಂಗಡಿಗಳಲ್ಲಿ ಅದಕ್ಕೆಂದೇ ಒಂದು ಪ್ಲಾಸ್ಟಿಕ್ ಸ್ಟೂಲು ಇರುತ್ತದೆ.