ತೋಟದಿಂದ ತಕ್ಕಡಿಗೆ: ಲಾಲ್‌ಬಾಗಿನ ಹಣ್ಣಿನ ಮೇಳದ ಹಿನ್ನೆಲೆ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬೇಸಗೆಯ ಕೊನೆಗೆ ನಡೆಯುವ ಮಾವು ಮೇಳದ ಹೆಸರನ್ನು ಕೇಳದವರು ವಿರಳ. ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ ಹಣ್ಣುಗಳನ್ನೂ ಜೊತೆಗೆ ಹಲಸನ್ನೂ ಬೆಳೆದವರೇ ತಂದು ಮಾರುವ ಈ ಸಂತೆ ಇತ್ತೀಚಿನದಾದರೂ, ಅದರ ಬೇರು ಎರಡೂವರೆ ಶತಮಾನದಷ್ಟು ಆಳಕ್ಕೆ ಇಳಿದಿದೆ.

1760ರಲ್ಲಿ ಹೈದರಾಲಿ ಈ ತೋಟವನ್ನು ಆರಂಭಿಸಿದನು. ಟಿಪ್ಪು ದೂರದೇಶಗಳಿಂದ ಗಿಡ, ಬೀಜಗಳನ್ನು ತರಿಸಿ ಬೆಳೆಸಿದನು. ಆಗ ಅದು ಅರಸರ ತೋಟ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಅಧಿಕಾರ ವಹಿಸಿಕೊಂಡ ಜಾನ್ ಕ್ಯಾಮರೂನ್ ಹೊರನಾಡಿನ ಬೆಳೆಗಳನ್ನು ಇಲ್ಲಿ ಬೆಳೆಸಿ ನೋಡಿದರು. ನಮ್ಮ ಅಡುಗೆಮನೆಯ ಸೀಮೆಬದನೆಯೂ ಹಾಗೆ ಬಂದದ್ದೆನ್ನುತ್ತಾರೆ. 1889ರಲ್ಲಿ ಗಾಜಿನ ಮನೆಗೆ ಅಸ್ತಿಭಾರ ಬಿತ್ತು. ಮುಂದೆ ಫಲಪುಷ್ಪ ಪ್ರದರ್ಶನಗಳಿಗೆ ಅದೇ ನೆಲೆಯಾಯಿತು. ಆದರೆ ಪ್ರದರ್ಶನದಲ್ಲಿ ಹಣ್ಣನ್ನು ನೋಡಿ ಮೆಚ್ಚಬಹುದು, ಅಷ್ಟೆ. ಬೆಳೆದವನ ಹೊಟ್ಟೆ ತುಂಬಲು ತಕ್ಕಡಿ ಬೇಕು.

ಆ ತಕ್ಕಡಿಯನ್ನು ರೈತನ ಕೈಗೆ ಕೊಡಲು ಹೊರಟವರಲ್ಲಿ ಡಾ. ಎಂ. ಎಚ್. ಮರಿಗೌಡರು ಪ್ರಮುಖರು. ಅವರ ಪ್ರೇರಣೆಯಿಂದ 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಅದೇ ಬೆಳೆದು ಇಂದಿನ ಹಾಪ್‌ಕಾಮ್ಸ್ ಆಗಿದೆ.

ದ್ರಾಕ್ಷಿಯ ಮಾತು ಬಂದರೆ ಕೃಷ್ಣಾ ತೀರದ ನಮ್ಮ ಕಸಬೆ ಡಿಗ್ರಜದವರ ಕಿವಿ ನಿಮಿರುತ್ತದೆ. ಸಾಂಗಲಿ ಜಿಲ್ಲೆಯ ಬದುಕು ಕಬ್ಬು, ಅರಿಸಿನ, ದ್ರಾಕ್ಷಿಗಳ ಮೇಲೆ ನಿಂತಿದೆ. ಬ್ಯಾಂಕಿನ ಗುಮಾಸ್ತನಾಗಿ ಬೆಳೆಸಾಲದ ಕಾಗದಗಳನ್ನು ದಿನವೂ ನೋಡುವ ನನಗೆ ತಿಳಿದ ಮಾತಿಷ್ಟು: ಬೆಳೆ ಚೆನ್ನಾಗಿ ಬಂದ ವರ್ಷವೂ ಧಾರಣೆ ಬಿದ್ದರೆ ಕಂತು ಕಟ್ಟಲಾಗುವುದಿಲ್ಲ. ದ್ರಾಕ್ಷಿಯನ್ನಾದರೂ ಒಣಗಿಸಿ ಒಣದ್ರಾಕ್ಷಿ ಮಾಡಿ ಒಳ್ಳೆಯ ಬೆಲೆಗೆ ಕಾಯಬಹುದು. ಮಾಗಿದ ಮಾವು ಕಾಯುವುದಿಲ್ಲ, ಹಲಸಂತೂ ಮೊದಲೇ ಇಲ್ಲ. ಇಂಥ ಹಣ್ಣಿಗೆ ದಲ್ಲಾಳಿಯಿಲ್ಲದ ಮೇಳವೇ ಆಸರೆ.

ಮೇಳದಲ್ಲಿ ಉಳಿಯುವುದು ಹಣವೊಂದೇ ಅಲ್ಲ, ಹೆಸರುಗಳೂ ಉಳಿಯುತ್ತವೆ. ಕನ್ನಡಿಗರ ಬಾದಾಮಿಯೇ ನಮ್ಮೂರ ಮರಾಠಿಯ ಹಾಪೂಸ್. ಅದರ ಮೂಲ ಪೋರ್ಚುಗೀಸರ ಅಲ್ಫಾನ್ಸೋ. ಹಲಸಿನದು ತಿರುಗುದಾರಿ. ಮಲಯಾಳದ ಚಕ್ಕ ಪೋರ್ಚುಗೀಸರ ಬಾಯಲ್ಲಿ ಜಾಕ ಆಗಿ, ಇಂಗ್ಲಿಷಿನ ಜ್ಯಾಕ್ ಆಯಿತು. ಹದಿನೇಳನೆಯ ಶತಮಾನದಲ್ಲಿ ಇಟ್ಟಿ ಅಚ್ಯುತನ್ ವೈದ್ಯರ ನೆರವಿನಿಂದ ಸಿದ್ಧವಾಗಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 'ಹಾರ್ಟಸ್ ಮಲಬಾರಿಕಸ್' ಗ್ರಂಥವೂ ಆ ಮಲಯಾಳ ಹೆಸರನ್ನೇ ಉಳಿಸಿಕೊಂಡಿತು. ಮಲಯಾಳಿಗಳು ಮರಕ್ಕೆ ಅನ್ನುವ ಪ್ಲಾವು, ಹಳಗನ್ನಡದ ಪಲಸು, ಇಂದಿನ ಹಲಸು ಒಂದೇ ಬಳಗದವು. ಕೇರಳವು 2018ರಲ್ಲಿ ಚಕ್ಕವನ್ನು ರಾಜ್ಯದ ಹಣ್ಣೆಂದು ಸಾರಿದೆ.

ಡಿಗ್ರಜದ ಮಗು ಶಾಲೆಯಲ್ಲಿ ಫಣಸ ಎಂದು ಕಲಿಯುತ್ತದೆ, ಕಾಸರಗೋಡಿನ ಮಗು ಚಕ್ಕ ಎಂದು. ಎರಡೂ ಕಲಿಯಬೇಕಾದವೇ. ಹಲಸು ಎಂಬುದನ್ನು ಮಾತ್ರ ಯಾವ ಪಾಠವೂ ಇವರಿಗೆ ಕಲಿಸದಿರಬಹುದು. ಅದು ಮನೆಯಿಂದಲೇ ಬರಬೇಕು. ಹಿತ್ತಲ ಮರದ ಹಣ್ಣು ಹೆಚ್ಚುವಾಗ, ಅದರ ಹೆಸರನ್ನೂ ನಮ್ಮ ನುಡಿಯಲ್ಲಿ ಮಕ್ಕಳ ಕೈಗೆ ಹಾಕೋಣ.